ಮಾವನ ಇಂಜಿನ್ನಿನ ಪೈಪು

...ಅಥವಾ ಅದು ಕೆಂಪಗೆ ಇರಲೇ ಇಲ್ಲವೇನೋ. ಮಾವನ ಇಂಜಿನ್ನಿನಲ್ಲಿ ಪೆಟ್ರೋಲ್ ಟ್ಯಾಂಕಿನಿಂದ ಕಾರ್ಬೊರೇಟರಿಗೆ ಇಳಿದಿದ್ದ ಆ ಗೇಣುದ್ದದ ರಬ್ಬರ್ ಪೈಪನ್ನು ನೆನೆಸಿಕೊಂಡಾಗಲೆಲ್ಲ ನನಗೆ ಕೆಂಪು ಬಣ್ಣವೇ ಕಾಣುತ್ತದೆ. ಆದರೆ ಸಂಡೂರಿನ ಕಡೆಯಿಂದ ಬಂದದ್ದು ಯಾವುದು ತಾನೇ ನನಗೆ ಬೇರೆ ಬಣ್ಣದಲ್ಲಿ ನೆನಪಿದೆ? ಲಾರಿಗಳು, ರಸ್ತೆ ಬದಿಯ ಬೇವಿನ ಎಲೆ, ನನ್ನ ಷಡ್ಡಕನ ಬೈಕು, ಅವನ ಕಿವಿಯ ಹಿಂಭಾಗ, ಎಲ್ಲವೂ ಕೆಂಪು. ಅದಿರಿನ ಧೂಳು ಆ ಪೈಪಿನ ಮೇಲಿತ್ತೋ, ಆಮೇಲೆ ನಾನೇ ಬಳಿದೆನೋ ಹೇಳಲಾರೆ. ಹೆಂಡತಿಯನ್ನು ಕೇಳಿದರೆ, "ಕರಿ ಪೈಪ್ರೀ ಅದು, ನಿಮ್ಮ ಅಂಗಡ್ಯಾಗ ಇರ್ತಾವಲ್ಲ, ಹಂಥಾದ್ದ," ಎನ್ನುತ್ತಾಳೆ. ಅವಳು ಆ ದಿನ ಗದ್ದೆಗೆ ಬಂದಿರಲಿಲ್ಲ ಎಂದು ನಾನು. ಬಂದಿದ್ದೆ, ನಿಮಗೆ ನೀರು ತಂದುಕೊಟ್ಟೆ ಎಂದು ಅವಳು. ಹೀಗೆ ಒಂದು ಪೈಪಿನ ಬಣ್ಣ, ಒಬ್ಬ ಹೆಂಡತಿಯ ಇರುವಿಕೆ ಎರಡೂ ಖಾತ್ರಿಯಿಲ್ಲದ ಕಥೆಯಿದು. ಖಾತ್ರಿಯಾಗಿ ಹೇಳಬಲ್ಲದ್ದು ಒಂದೇ. ಆ ಪೈಪು ಹಾಕಿದವನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಆ ಹೊಟ್ಟೆಕಿಚ್ಚಿನ ಬಣ್ಣ ಮಾತ್ರ ನನಗೆ ಎಂದೂ ಮರೆತುಹೋಗಿಲ್ಲ.

ಹೊಸಪೇಟೆಯಲ್ಲಿ ನನ್ನದೊಂದು ಸಣ್ಣ ಅಂಗಡಿ. ರಬ್ಬರ್ ಪೈಪು, ಬೆಲ್ಟು, ಆಯಿಲ್ ಸೀಲು, ಕ್ಲಿಪ್ಪು. ಮಾವನದು ಕಂಪ್ಲಿಯಲ್ಲಿ ಕಾಲುವೆ ಪಕ್ಕದ ಭತ್ತದ ಗದ್ದೆ. ಮೇಲಿನ ಮಡಿಗಳು ಕಾಲುವೆಗಿಂತ ಎತ್ತರದಲ್ಲಿರುವುದರಿಂದ ಅಲ್ಲಿಗೆ ನೀರು ತಾನಾಗಿ ಹತ್ತುವುದಿಲ್ಲ, ಎತ್ತಿ ಹಾಕಬೇಕು. ಅದಕ್ಕಾಗಿ ಒಂದು ಸಣ್ಣ ಪೆಟ್ರೋಲ್ ಇಂಜಿನ್ನು. ಮೊದಲು ಅದು ಸೀಮೆಎಣ್ಣೆಯಲ್ಲೂ ಓಡುತ್ತಿತ್ತು. ಸೀಮೆಎಣ್ಣೆ ಸಿಗದಾದ ಮೇಲೆ ಪೂರ್ತಿ ಪೆಟ್ರೋಲಿಗೇ ಬಂತು. ಆ ಇಂಜಿನ್ನಿನ ಮೇಲೆ ಮಾವನಿಗೆ ವಿಪರೀತ ಅಕ್ಕರೆ. ಅದರ ಮೇಲೆ ಗೋಣಿಚೀಲ ಹೊದಿಸುವಾಗ ಮಗುವಿಗೆ ಹೊದಿಸಿದಂತೆ ಅಂಚು ಒಳಗೆ ಮಡಿಸುತ್ತಿದ್ದರು.

ಮಾವನಿಗೆ ಗಂಡುಮಕ್ಕಳಿಲ್ಲ, ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳನ್ನು ನನಗೆ ಕೊಟ್ಟರು. ಚಿಕ್ಕವಳನ್ನು ತಮ್ಮ ಸ್ವಂತ ಅಕ್ಕನ ಮಗನಿಗೆ ಕೊಟ್ಟರು. ಅವನೇ ನನ್ನ ಷಡ್ಡಕ, ಸಂಡೂರಿನ ಯಶವಂತನಗರದ ಕಡೆ ಒಂದು ಗಣಿಯಲ್ಲಿ ಕಲ್ಲು ಕೊರೆಯುವ ಮಷಿನ್ ನಡೆಸುತ್ತಾನೆ. ಮದುವೆಗೆ ಮೊದಲೂ ಅವನು ಅದೇ ಮನೆಯಲ್ಲಿ ಆಡಿ, ಉಂಡು, ಬೈಸಿಕೊಂಡು ಬೆಳೆದವನು. ನಾನು ಹೊರಗಿನಿಂದ ಬಂದವನು. ಆದ್ದರಿಂದ ನಾನು ಅಳಿಯ, ಅವನು ಮನೆಯವನು. ಅಳಿಯನಾಗುವುದೆಂದರೆ ಏನು ಎಂದು ಆ ಕಡೆ ಹೆಣ್ಣು ತಂದವರಿಗೆ ಗೊತ್ತಿರುತ್ತದೆ. ಹೋದ ಕೂಡಲೇ ಕಾಲಿಗೆ ನೀರು, ಕೂರಲು ಕುರ್ಚಿ, ತಟ್ಟೆಯಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ. ಅಳಿಯನ ಕೈಗೆ ಕೆಲಸ ಕೊಡಬಾರದು. ಅಳಿಯನಿಂದ ಕೆಲಸ ಮಾಡಿಸಿಕೊಂಡರು ಎಂಬ ಮಾತು ಓಣಿಯಲ್ಲಿ ಹುಟ್ಟಿದರೆ ಅದು ಮಾವನಿಗೆ ಅವಮಾನ. ಅವರು ತಮ್ಮ ಮನೆಯ ಬಾವಿಯಿಂದ ಒಂದು ಕೊಡ ನೀರನ್ನೂ ನನ್ನಿಂದ ಸೇದಿಸಲಿಲ್ಲ.

ನನಗೆ ಬೇಕಾಗಿದ್ದದ್ದು ಕುರ್ಚಿಯಲ್ಲ. ಆ ಇಂಜಿನ್ನಿಗೆ ಕೈ ಹಚ್ಚಲು ಒಂದು ಸಲ ಕರೆಯಬೇಕಿತ್ತು, ಅಷ್ಟೇ. ಇದನ್ನು ಬರೆಯುವಾಗ ನಗು ಬರುತ್ತದೆ. ಊರಿನ ಇಂಜಿನ್ನುಗಳ ಪೈಪುಗಳೆಲ್ಲ ನನ್ನ ಅಂಗಡಿಯಿಂದ ಹೋಗುವಾಗ, ನಾನು ಮರುಗಿದ್ದು ಕೈಗೆ ಸಿಗದ ಆ ಒಂದು ಇಂಜಿನ್ನಿಗೆ.

ಆ ಭಾನುವಾರ, ಭಾನುವಾರವೇ ಇರಬೇಕು, ನಮ್ಮಿಬ್ಬರ ಸಂಸಾರವೂ ಕಂಪ್ಲಿಯಲ್ಲಿತ್ತು. ಇಂಜಿನ್ನು ಓಡುತ್ತಾ ಓಡುತ್ತಾ ಕೆಮ್ಮಿ ನಿಲ್ಲುತ್ತಿದೆ ಎಂದು ಮಾವ ಊಟದ ಮೊದಲೇ ಎದ್ದರು. ನಾನೂ ಎದ್ದೆ.

"ಏ, ನೀವ್ ಕುಂದ್ರಿ ಅಳಿಯಾರ. ಅರಿವಿ ಹೊಲಸಾಗ್ತಾವು."

"ನಂದೂ ಅದ ಧಂದೆ ಅಲ್ರೀ ಮಾವ."

"ಧಂದೆ ಅಂಗಡ್ಯಾಗ್ರಿ. ಇಲ್ಲಿ ನೀವು ಅಳಿಯಾರು." ಹಾಗೆಂದವರೇ ಷಡ್ಡಕನ ಕಡೆ ತಿರುಗಿ, "ಏನ್ ನಿಂತು ಮಾರಿ ನೋಡ್ತೀಲೇ? ಆ ಪಾನಾ, ಪಕ್ಕಡ ತಗಂಬಾ, ಜಲ್ದಿ!" ಎಂದು ಗದರಿದರು.

ಆ ಗದರಿಕೆ ನನಗೆ ಬೇಕಿತ್ತು. ಅದು ಅವನಿಗೆ ಹೋಯಿತು. ಅವನಿಗೆ ಅದು ಸಿಕ್ಕಿದ್ದರ ಖಬರೂ ಇರಲಿಲ್ಲ. ಮಾವನ ಹಳೇ ಲುಂಗಿ ಸುತ್ತಿಕೊಂಡು, ಶಿಳ್ಳೆ ಹಾಕುತ್ತ ಬೈಕಿನ ಪೆಟ್ಟಿಗೆ ತೆಗೆಯುತ್ತಿದ್ದ.

ನಾನು ಬಿಡದೆ ಮಾವನ ಹಿಂದೆಯೇ ಗದ್ದೆಗೆ ನಡೆದೆ. ಅರ್ಧ ದಾರಿಯಲ್ಲಿ ತಿರುಗಿ ನೋಡಿದರೆ ಅವನು ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಬರುತ್ತಿದ್ದ. ಬದುವಿನ ಮೇಲೆ ನೆಟ್ಟಗೆ ಇಟ್ಟು, ಹೆಗಲ ಮೇಲಿದ್ದ ಟವೆಲ್ಲಿನಿಂದ ಒರೆಸಿ, "ಕುಂದ್ರಿ ಅಣ್ಣಾರ. ಮಾವ ಹೇಳ್ಯಾರ," ಎಂದ. ಅದರಲ್ಲಿ ಗೇಲಿ ಇತ್ತೇ? ಆಗ ಇತ್ತು ಎನಿಸಿತು. ಈಗ ಆ ದೃಶ್ಯವನ್ನು ನಿಧಾನವಾಗಿ ನೋಡಿದರೆ ಅವನ ಮುಖದಲ್ಲಿ ಬೆವರು ಬಿಟ್ಟರೆ ಏನೂ ಕಾಣುವುದಿಲ್ಲ. ಆದರೆ ನಿಧಾನವಾಗಿ ನೋಡುವಾಗ ನಾನು ಅವನ ಮುಖವನ್ನು ಹೊಸದಾಗಿ ಮಾಡುತ್ತಿರಲೂಬಹುದು.

ಹಳೆಯ ಪೈಪು ಬಿರುಕು ಬಿಟ್ಟು, ಒಳಗಿನಿಂದ ಕಣ ಕಣವಾಗಿ ಉದುರಿ, ಆ ಚೂರುಗಳು ಹೋಗಿ ಪೆಟ್ರೋಲಿನ ದಾರಿ ಕಟ್ಟಿದ್ದವು. ಅವನು ಬೈಕಿನ ಪೆಟ್ಟಿಗೆಯಿಂದ ತಂದಿದ್ದ ಬೇರೆ ಪೈಪನ್ನು ಹೊರತೆಗೆದ. ದಪ್ಪ ಗೋಡೆ, ಮೇಲೆ ನೂಲಿನ ಹೆಣಿಗೆ. ಬಣ್ಣದ ತಕರಾರು ಆಗಲೇ ಹೇಳಿದೆ. ಬದುವಿನಲ್ಲಿ ಬಿದ್ದಿದ್ದ ಕುಡಗೋಲಿನಿಂದ ಅದನ್ನು ಕೊಯ್ದ. ತುದಿ ಹಲ್ಲು ಹಲ್ಲಾಗಿ ಹರಿಯಿತು. ಎರಡೂ ಕಡೆ ಕಟ್ಟುವ ತಂತಿ ಸುತ್ತಿ ಪಕ್ಕಡದಿಂದ ತಿರುಚಿದ.

"ಕಂಪನಿ ಮಾಲು ಮಾವ. ಕಲ್ಲು ಕೊರಿಯೋ ಮಷಿನ್ದು. ಇದರಾಗ ಬರೋ ಗಾಳಿ ನಿಮ್ಮನ್ನ ಎತ್ತಿ ಆ ದಂಡಿಗೆ ಒಗಿತೈತಿ. ಇದಕ್ಕ ನಿಮ್ಮ ಪೆಟ್ರೋಲ್ ಯಾವ ಲೆಕ್ಕ?"

"ನೋಡ್ರಿ ಅಳಿಯಾರ," ಮಾವ ನನ್ನತ್ತ ತಿರುಗಿದರು, "ಗಣಿ ಮಾಲು ಅಂದ್ರ ಗಣಿ ಮಾಲು."

ನಮ್ಮ ಸೀಮೆಯಲ್ಲಿ ಈ ನಂಬಿಕೆಗೆ ಎದುರು ಮಾತಿಲ್ಲ. ಗಣಿಯ ಹಳೆಯ ಕನ್ವೇಯರ್ ಬೆಲ್ಟು ದನದ ಕೊಟ್ಟಿಗೆಯ ನೆಲವಾಗುತ್ತದೆ, ಹಿತ್ತಲ ಬಾಗಿಲಾಗುತ್ತದೆ, ಚಪ್ಪಲಿಯ ಅಟ್ಟೆಯಾಗುತ್ತದೆ. ತೋರಣಗಲ್ಲಿನ ಕಾರ್ಖಾನೆಯಿಂದ ಬಂದ ಬೋಲ್ಟು ಅಂದರೆ ಅದನ್ನು ಕೈಯಲ್ಲಿ ತೂಗಿ ನೋಡಿ ತಲೆದೂಗುತ್ತಾರೆ. ಅಷ್ಟು ದೊಡ್ಡ ಮಷಿನ್ನಿಗೆ ತಾಳಿದ್ದು ಇಷ್ಟು ಸಣ್ಣ ಇಂಜಿನ್ನಿಗೆ ತಾಳದೇ?

ತಾಳುವುದಿಲ್ಲ. ಅದೇ ನನಗೆ ಗೊತ್ತಿದ್ದದ್ದು. ಪೈಪಿನ ಹೊರಗಿನ ನೂಲಿನ ಹೆಣಿಗೆ ತಡೆಯುವುದು ಒತ್ತಡವನ್ನು. ಪೆಟ್ರೋಲನ್ನು ತಡೆಯಬೇಕಾದದ್ದು ಒಳಗೋಡೆ. ಗಾಳಿಗೆ, ನೀರಿಗೆ ಮಾಡಿದ ರಬ್ಬರಿಗೆ ಪೆಟ್ರೋಲ್ ತಾಗಿದರೆ ಅದು ಉಬ್ಬುತ್ತದೆ, ಮೆತ್ತಗಾಗುತ್ತದೆ, ಒಳಗಿನ ತೂತು ಕಿರಿದಾಗುತ್ತದೆ, ಕೊನೆಗೆ ಕಟ್ಟಿದ ಜಾಗದಲ್ಲೇ ಜಿನುಗುತ್ತದೆ. ಜಿನುಗುವ ಜಾಗದಿಂದ ಕೈಯಳತೆಯಲ್ಲಿ ಕಾದ ಸೈಲೆನ್ಸರ್. ಪೆಟ್ರೋಲಿಗೆ ನೈಟ್ರೈಲ್ ರಬ್ಬರಿನ ಪೈಪು ಬೇಕು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆಸುವುದರಿಂದ ಅದನ್ನೂ ತಡೆಯುತ್ತದೆ ಎಂದು ಪೈಪಿನ ಮೈಮೇಲೆ ಅಚ್ಚಾಗಿರುವುದನ್ನೇ ಆರಿಸಬೇಕು.

"ಅದು ಗಾಳಿ ಪೈಪು," ಎಂದೆ ಕುರ್ಚಿಯಿಂದ. "ಪೆಟ್ರೋಲಿಗೆ ಬರಂಗಿಲ್ಲ."

ಅವನು ತಲೆಯೆತ್ತಿ ಜೋರಾಗಿ ನಕ್ಕ. "ಅನ್ರಿ ಅಣ್ಣಾರ, ಅನ್ರಿ! ಪೈಪ್ ಮಾರೋರು ಮಂದಿ ಪೈಪ್‌ನ ಚಲೋ ಐತಿ ಅಂತಾರೇನು?"

ಮಾವ ನಕ್ಕರು. ನಾನೂ ನಕ್ಕೆ. ಇಂಜಿನ್ನು ಒಂದೇ ಎಳೆತಕ್ಕೆ ಶುರುವಾಗಿ, ನೀರು ದಬದಬ ಬಿತ್ತು. ಮಾವ ಅವನ ಬೆನ್ನಿಗೊಂದು ಗುದ್ದು ಹಾಕಿದರು. ನನಗೆ ಯಾರೂ ಗುದ್ದು ಹಾಕುವುದಿಲ್ಲ. ನಾನು ಹೇಳಿದ್ದು ನಿಜವಾಗಿತ್ತು, ಆದರೆ ಅದನ್ನು ಹೇಳಿದ ದನಿ ನಿಜಕ್ಕೆ ಬೇಕಾದದ್ದಾಗಿರಲಿಲ್ಲ. ಯಾವನೋ ಬಾಡಿಗೆಯ ಮಿಸ್ತ್ರಿ ಆ ಪೈಪು ಹಾಕಿದ್ದರೆ ನಾನು ಎದ್ದುಹೋಗಿ ಕೈ ಹಿಡಿದು ಬಿಚ್ಚಿಸುತ್ತಿದ್ದೆ. ಇಲ್ಲಿ ಕೂತಲ್ಲಿಂದಲೇ ಹೇಳಿದೆ. ನನ್ನ ದನಿಯಲ್ಲಿದ್ದ ಹೊಟ್ಟೆಕಿಚ್ಚು ನನಗೇ ಕೇಳಿಸಿತು.

ಕುಡಗೋಲು ಕೊಯ್ದು ಉಳಿದ ಒಂದು ತುಂಡು ಬದುವಿನಲ್ಲಿ ಬಿದ್ದಿತ್ತು. ಅದನ್ನು ಜೇಬಿಗೆ ಹಾಕಿಕೊಂಡೆ.

ಹೊಸಪೇಟೆಗೆ ಬಂದು ಅದನ್ನು ಒಂದು ಗಾಜಿನ ಬಾಟಲಿಯಲ್ಲಿ ಪೆಟ್ರೋಲ್ ಹಾಕಿ ಮುಳುಗಿಸಿಟ್ಟೆ, ಬೇರೊಂದು ಬಾಟಲಿಯಲ್ಲಿ ನನ್ನ ಅಂಗಡಿಯ ಪೆಟ್ರೋಲ್ ಪೈಪಿನ ತುಂಡು. ಬಿರಡೆ ಬಿಗಿದು, ಬಿಸಿಲು ತಾಗದ ಹಿಂದಿನ ಕಟ್ಟೆಯ ಮೇಲೆ. ಬೆಳಿಗ್ಗೆ ಷಟರ್ ಎತ್ತಿದ ಕೂಡಲೇ ಹೋಗಿ ನೋಡುತ್ತಿದ್ದೆ. ಗಣಿಯ ತುಂಡು ದಿನದಿನಕ್ಕೂ ದಪ್ಪಗಾಗುತ್ತ, ಪೆಟ್ರೋಲ್ ಕಪ್ಪಗಾಗುತ್ತ ಬಂತು. ಅದನ್ನು ನೋಡಿ ನನಗೆ ಆಗುತ್ತಿದ್ದ ಸುಖವನ್ನು ಬೇರೆ ಯಾವ ಹೆಸರಿನಿಂದ ಕರೆಯಲಿ? ಮಾವನ ಇಂಜಿನ್ನಿಗೆ ಬೆಂಕಿ ತಗಲಬಹುದು ಎಂಬ ಭಯವೂ ಅದರೊಳಗೇ ಇತ್ತು. ಎರಡನ್ನೂ ಬೇರೆ ಬೇರೆ ಬಾಟಲಿಯಲ್ಲಿ ಇಡಲು ಆಗಲಿಲ್ಲ.

ಹಂಪಿಯ ಕಡೆ ಪ್ರವಾಸಿಗರಿಗೆ ಮೊಪೆಡ್ ಬಾಡಿಗೆಗೆ ಬಿಡುವ ಒಬ್ಬ ಗಿರಾಕಿ ಒಮ್ಮೆ ಆ ಬಾಟಲಿಗಳನ್ನು ಕಂಡ. "ಏನಣ್ಣ, ಉಪ್ಪಿನಕಾಯಿ ಹಾಕೀರೇನು?"

"ಹೂಂ, ಊಟಕ್ಕ ಬರ್ರಿ."

"ಇದು ಯಾಕ ಹಿಂಗ ಸತ್ತ ಹಲ್ಲಿ ಹಂಗ ಉಬ್ಬೈತಿ?"

ನಾನು ಬೇಕಾದ್ದಕ್ಕಿಂತ ಹೆಚ್ಚು ಉತ್ಸಾಹದಿಂದ ವಿವರಿಸಿದೆ. ಅವನ ಮೊಪೆಡ್ಡುಗಳಿಗೆ ಯಾರೋ ಪಾರದರ್ಶಕ ಪ್ಲಾಸ್ಟಿಕ್ ಪೈಪು ಹಾಕಿದ್ದರು. ಅದು ಪೆಟ್ರೋಲ್ ಕುಡಿದು ಹಳದಿಯಾಗಿ ಕಡ್ಡಿಯಂತೆ ಗಟ್ಟಿಯಾಗಿತ್ತು, ಬಗ್ಗಿಸಿದರೆ ಚಟಕ್ಕನೆ ಮುರಿಯಿತು. ಪೈಪಿನ ಒಳ ಅಳತೆ ನಳಿಕೆಗೆ ಸರಿಯಾಗಿ ಹಿಡಿಯುವಂತಿರಬೇಕು, ಎಳೆದು ಹಿಗ್ಗಿಸಿ ತೂರಿಸಬಾರದು, ಸಡಿಲ ಇರುವುದನ್ನು ಕ್ಲಿಪ್ಪಿನಿಂದ ಹಿಸುಕಿ ಸರಿಮಾಡಲೂ ಬಾರದು ಎಂದೆ. ಸಪೂರ ಪೈಪಿಗೆ ಸುತ್ತಲೂ ಸಮನಾಗಿ ಒತ್ತುವ ಕ್ಲಿಪ್ಪು ಬೇಕು, ತಂತಿ ಕಟ್ಟಿದರೆ ಅದು ರಬ್ಬರನ್ನು ಕೊಯ್ಯುತ್ತದೆ ಎಂದೆ. ಅವನು ಕೇಳಿಸಿಕೊಂಡು, "ತಂತಿ ಕಟ್ಟಿದವನ ಮ್ಯಾಲ ಭಾಳ ಸಿಟ್ಟೈತಿ ನಿಮಗ," ಎಂದ. ಅವನ ಮೊಪೆಡ್ಡಿಗೆ ಯಾರೂ ತಂತಿ ಕಟ್ಟಿರಲಿಲ್ಲ.

ಹೆಂಡತಿಗೂ ಬಾಟಲಿ ತೋರಿಸಿದೆ. ಅವಳು ಮೂಗು ಮುಚ್ಚಿಕೊಂಡು ನೋಡಿದಳು.

"ಅಪ್ಪಗ ಫೋನ್ ಮಾಡಿ ಹೇಳ್ರಿ ಮತ್ತ."

"ನೀನ ಹೇಳು."

"ನಾ ಹೇಳಿದ್ರ ತಂಗಿ, ನನ್ನ ಗಂಡನ್ನ ಸಣ್ಣಾಂವ್ನ ಮಾಡಿದ್ರು ಅಂತಾಳ. ನೀವು ಹೇಳಿದ್ರ ಹೊಟ್ಟಿಕಿಚ್ಚು ಅಂತಾರ."

"ಯಾರು ಅಂತಾರ?"

"ನಾ ಅಂತೀನಿ, ಮೊದಲು," ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಅಪ್ಪ ಇಂಜಿನ್ ಬಾಜೂಕ ಕುಂತು ಬೀಡಿ ಸೇದ್ತಾನ್ರೀ," ಎಂದಳು.

ಇದು ನನಗೆ ಗೊತ್ತೇ ಇರಲಿಲ್ಲ. ನನ್ನೆದುರು ಮಾವ ಬೀಡಿ ಸೇದಿದ್ದನ್ನು ನಾನು ನೋಡಿಲ್ಲ. ಅಳಿಯನ ಎದುರು ಸೇದಬಾರದು ಎಂಬ ಮರ್ಯಾದೆ. ನಾನು ಗದ್ದೆಗೆ ಹೋದಾಗ ಅವರು ಕೈ ಹಿಂದೆ ಸರಿಸುತ್ತಿದ್ದದ್ದು ನೆನಪಾಯಿತು. ಕಿರಿಯ ಅಳಿಯನ ಮುಂದೆ ಆ ಮರ್ಯಾದೆ ಇರಲಿಲ್ಲ. ಅಂದರೆ ನಾನು ಪಕ್ಕದಲ್ಲಿದ್ದಷ್ಟು ಹೊತ್ತೂ ಆ ಇಂಜಿನ್ನಿಗೆ ಅಪಾಯವಿಲ್ಲ, ಅವರು ಸ್ವಂತವೆಂದು ಕಂಡವನ ಪಕ್ಕದಲ್ಲಿ ಬೀಡಿ ಹೊತ್ತುತ್ತದೆ. ಅಂಥ ಹೊತ್ತಿನಲ್ಲೂ ನನಗೆ ಮೊದಲು ಹೊಳೆದದ್ದು ಇದು, ಅವನೆದುರು ಸೇದುತ್ತಾರೆ, ನನ್ನೆದುರು ಇಲ್ಲ. ಬೆಂಕಿಯ ಯೋಚನೆ ಅದರ ಬೆನ್ನಿಗೆ ಬಂತು. ಬಹುಶಃ ಒಟ್ಟಿಗೇ ಬಂತು. ಯಾವುದು ಮೊದಲು ಎಂದು ಬರೆದರೂ ಅದು ನನ್ನ ಪರವಾಗಿಯೋ ವಿರುದ್ಧವಾಗಿಯೋ ವಾಲುತ್ತದೆ.

ಮರುದಿನ ಅಂಗಡಿ ತೆರೆಯದೆ ಕಂಪ್ಲಿ ಬಸ್ ಹತ್ತಿದೆ. ಚೀಲದಲ್ಲಿ ಪೆಟ್ರೋಲ್ ಪೈಪು, ಎರಡು ಕ್ಲಿಪ್ಪು, ಹೊಸ ಬ್ಲೇಡು, ಸ್ಕ್ರೂ ಡ್ರೈವರ್, ಪೇಪರಿನಲ್ಲಿ ಸುತ್ತಿದ ಆ ಉಬ್ಬಿದ ತುಂಡು. ಕಮಲಾಪುರ ದಾಟುವವರೆಗೂ ಮಾವನ ಎದುರು ಹೇಳಬೇಕಾದ ಮಾತನ್ನು ತಿದ್ದುತ್ತಿದ್ದೆ. ಎಷ್ಟು ತಿದ್ದಿದರೂ ಅದು ದೂರಿನಂತೆಯೇ ಕೇಳುತ್ತಿತ್ತು.

ಮಾವ ಗದ್ದೆಯಲ್ಲೇ ಇದ್ದರು. ನನ್ನನ್ನು ಕಂಡು ಗಾಬರಿಯಾದರು. "ಏನ್ರೀ ಅಳಿಯಾರ, ಹಿಂಗ ಒಮ್ಮಿಗಲೆ? ಮಗಳು ಆರಾಮ ಅದಾಳಿಲ್ಲೋ?"

"ಆರಾಮ ಅದಾಳ್ರಿ. ಇಂಜಿನ್ ನೋಡಾಕ ಬಂದೆ."

ಇಂಜಿನ್ನು ಓಡುತ್ತಿತ್ತು. ಹತ್ತಿರ ಹೋಗುತ್ತಲೇ ವಾಸನೆ ಬಂತು. ಕಾರ್ಬೊರೇಟರಿನ ಕಡೆ, ತಂತಿ ಬಿಗಿದ ಜಾಗದಲ್ಲಿ ಪೈಪು ಉಬ್ಬಿ ತಂತಿಯ ಮೇಲೆ ಮಡಚಿಕೊಂಡಿತ್ತು. ಕೆಳಗೆ ಒದ್ದೆ. ಇಂಜಿನ್ ನಿಲ್ಲಿಸಿ, ಪೆಟ್ರೋಲ್ ಟ್ಯಾಂಕಿನ ಕಾಕ್ ಬಂದ್ ಮಾಡಿದೆ. ಕೇಳದೆಯೇ ಮಾಡಿದೆ. ಚೀಲದಿಂದ ತುಂಡನ್ನು ತೆಗೆದು ಅವರ ಅಂಗೈಗೆ ಇಟ್ಟೆ. ಅವರು ಅದನ್ನು ಹೆಬ್ಬೆರಳಿನಿಂದ ಒತ್ತಿದರು. ಬೆರಳಿಗೆ ಕಪ್ಪು ಹತ್ತಿತು.

"ಇದು ಆ ಪೈಪ?"

"ಅದ ರೀ. ಪೆಟ್ರೋಲ್‌ನಾಗ ಇಟ್ಟಿದ್ದೆ. ನಾ ಹೊಸಾದು ತಂದೀನಿ, ಈಗ ಹಾಕಿಬಿಡ್ತೀನಿ."

ಮಾವ ತುಂಡನ್ನು ನೋಡಿದರು, ಕಾಲುವೆ ದಂಡೆಯ ದಾರಿಯನ್ನು ನೋಡಿದರು. "ಇಟ್ ಹೋಗ್ರಿ. ಐತಾರ ಅವ ಬರ್ತಾನ, ಹಾಕ್ತಾನ."

ನಾನು ತಂದ ಪೈಪು, ನನ್ನ ಕ್ಲಿಪ್ಪು, ಭಾನುವಾರ ಹಾಕುವ ಕೈ ಅವನದು. ಅವನ ಬೆನ್ನಿಗೆ ಇನ್ನೊಂದು ಗುದ್ದು. ಅದನ್ನು ನಾನು ಕಣ್ಣಾರೆ ಕಂಡೆ, ಇನ್ನೂ ನಡೆಯದೇ ಇದ್ದದ್ದನ್ನು.

"ಐತಾರ ತನಕ ಇಂಜಿನ್ ಹಚ್ಚಂಗಿಲ್ಲ ಹಂಗಾರ," ಎಂದೆ.

"ಹಂಗಂದ್ರ ಹ್ಯಾಂಗ್ರಿ? ಮ್ಯಾಲಿನ ಮಡಿ ಒಣಗ್ತಾವು."

"ಮತ್ತ ನಾ ಹಾಕ್ತೀನಿ."

"ನಿಮ್ಮ ಕೈಲೆ ಮಾಡಿಸಿದ್ರ ಮಂದಿ ಏನಂದಾರು?"

ನಾನು ಪ್ಯಾಂಟು ಮೇಲೆ ಸರಿಸಿ ಕುಕ್ಕರುಗಾಲಿನಲ್ಲಿ ಕೂತೆ. ಇಂಜಿನ್ನಿನ ಮೈ ಆರಲಿ ಎಂದು ಕಾಯ್ದೆ. ಆ ಕಾಯುವಿಕೆ ನನಗೆ ಸ್ಪಷ್ಟವಾಗಿ ನೆನಪಿದೆ, ಅಥವಾ ಅಂಥ ಎಷ್ಟೋ ಕಾಯುವಿಕೆಗಳು ಸೇರಿ ಒಂದಾಗಿವೆ. ಕಬ್ಬಿಣ ಆರುವ ಟಿಕ್ ಟಿಕ್ ಸದ್ದು. ಪಕ್ಕದಲ್ಲಿ ನಿಂತ ಮಾವನ ಹಿಮ್ಮಡಿಯ ಸೀಳು. ತಂತಿ ಬಿಚ್ಚಿದೆ. ಪೈಪಿನಲ್ಲಿ ಉಳಿದಿದ್ದ ಪೆಟ್ರೋಲನ್ನು ಡಬ್ಬಿಗೆ ಹಿಡಿದು ದೂರ ಇಡಿಸಿದೆ. ಹೊಸ ಪೈಪನ್ನು ಬ್ಲೇಡಿನಿಂದ ನೇರವಾಗಿ ಕೊಯ್ದೆ. ಸೈಲೆನ್ಸರಿನ ಕಡೆ ವಾಲದಂತೆ, ಗಕ್ಕನೆ ಬಳುಕಿ ಮುರಿಯದಂತೆ, ಅದುರಿದರೂ ಎಳೆಯದಷ್ಟು ಸಡಿಲ ಬಿಟ್ಟು ಕೂರಿಸಿದೆ. ಕ್ಲಿಪ್ಪನ್ನು ತುದಿಗೆ ತೀರ ಹತ್ತಿರವಲ್ಲದೆ ಇಟ್ಟು, ರಬ್ಬರ್ ಉಬ್ಬಿ ಬರದಷ್ಟೇ ಬಿಗಿದೆ.

ಎರಡನೆಯ ಕ್ಲಿಪ್ಪು ಬಿಗಿಯುತ್ತಿದ್ದಾಗ ಮಾವ ಒಮ್ಮೆಲೇ, "ಏಳ್ರಿ, ಏಳ್ರಿ!" ಎಂದು ಪಿಸುಗುಟ್ಟಿದರು. ದಂಡೆಯ ಮೇಲೆ ಪಕ್ಕದ ಗದ್ದೆಯವರು ಬರುತ್ತಿದ್ದರು. ನಾನು ಎದ್ದು ನಿಂತು ಎಣ್ಣೆಯ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಮಾವ ತಮ್ಮ ಟವೆಲ್ಲನ್ನು ಇಂಜಿನ್ನಿನ ಮೇಲೆ ಹಾಕಿದರು.

"ಏನ್ ಗೌಡ್ರ, ಅಳಿಯಾರಿಗೆ ಗದ್ದಿ ತೋರ್ಸಾಕತ್ತೀರೇನು?"

"ಹೂನಪ್ಪ, ಗಾಳಿಗೆ ಬಂದಾರ."

"ಚಲೋ ಆತು ಬಿಡ್ರಿ. ಹೊಸಪ್ಯಾಟಿ ಧೂಳಾಗ ಏನೈತಿ?"

ಅವರು ಹೋಗುವವರೆಗೂ ನಾನು ಗಾಳಿಗೆ ಬಂದವನಂತೆ ಭತ್ತದ ಕಡೆ ನೋಡುತ್ತ ನಿಂತೆ. ಆಮೇಲೆ ಕೂತು ಕೆಲಸ ಮುಗಿಸಿದೆ. ಕಾಕ್ ತೆರೆದು, ಇಂಜಿನ್ ಹಚ್ಚುವ ಮೊದಲು ಎರಡೂ ತುದಿಗೆ ಒಣ ಬೆರಳು ಒತ್ತಿ ನೋಡಿದೆ. ಒದ್ದೆ ಇರಲಿಲ್ಲ. ಹಚ್ಚಿ ಮತ್ತೆ ನೋಡಿದೆ. ಮಾವ ಸೋಪು ತಂದು, ಕಾಲುವೆಯ ನೀರು ಮೊಗೆದು ನನ್ನ ಕೈಗೆ ತಾವೇ ಹಾಕಿದರು. ಬೈಯಲಿಲ್ಲ, ಗುದ್ದಲಿಲ್ಲ. "ಊಟ ಮಾಡ್ಕೊಂಡು ಹೋಗ್ರಿ ಅಳಿಯಾರ," ಎಂದರು. "ಬೀಡಿ ಮಾತ್ರ ಇದರ ಬಾಜೂಕ ಬ್ಯಾಡ್ರಿ ಮಾವ," ಎಂದೆ. ಅವರ ಮುಖ ಕೆಂಪಾಯಿತು. ಇಲ್ಲಿ ಮತ್ತೆ ಕೆಂಪು. ಇದನ್ನೂ ನಂಬಬೇಡಿ.

ಆ ಭಾನುವಾರ ಎರಡೂ ಸಂಸಾರ ಮತ್ತೆ ಕಂಪ್ಲಿಯಲ್ಲಿ ಸೇರಿದವು. ಅತ್ತೆ ಕೊಟ್ಟ ತಟ್ಟೆ ನನ್ನ ತೊಡೆಯ ಮೇಲಿತ್ತು. ಷಡ್ಡಕ ಗದ್ದೆಯಿಂದ ಬಂದವನೇ ಅಂಗಳದಲ್ಲಿ ನಿಂತು ಕೇಳಿದ: "ಮಾವ, ಪೈಪ್ ಯಾರು ಬದಲಿ ಮಾಡಿದ್ರು?"

ಮಾವ ನನ್ನನ್ನು ನೋಡಲಿಲ್ಲ. "ಮಿಸ್ತ್ರಿ ಬಂದಿದ್ದ."

"ಯಾವ ಮಿಸ್ತ್ರಿ?"

"ಇದ್ದ ಒಬ್ಬಾಂವ. ಗಂಗಾವತಿ ಕಡ್ಯಾಂವ."

"ಮಸ್ತ್ ಹಾಕ್ಯಾನ," ಎಂದ ಅವನು. "ಕ್ಲಿಪ್ ನೋಡ್ರಿ, ಎಷ್ಟ್ ನೀಟ್ ಐತಿ. ಇನ್ನ ಮ್ಯಾಲ ಅವನ್ನ ಕರೀರಿ. ನಾ ಹಾಕಿದ್ದು ಬರೋಬ್ಬರಿ ಇರಲಿಲ್ಲ ಬಿಡ್ರಿ." ಆಮೇಲೆ ನನ್ನ ಕಡೆ ತಿರುಗಿ, "ನೀವು ಅಂದಿದ್ರಿ ಅಣ್ಣಾರ," ಎಂದ.

ನಾನು ಮಂಡಕ್ಕಿ ತಿನ್ನುತ್ತಿದ್ದೆ. ನಾನೇ ಆ ಮಿಸ್ತ್ರಿ ಎನ್ನಲು ಬಾಯಿ ತೆರೆದರೆ ಮಾವ ಸುಳ್ಳರಾಗುತ್ತಿದ್ದರು. ಇನ್ನೊಂದು ಹಿಡಿ ಬಾಯಿಗೆ ಹಾಕಿಕೊಂಡೆ. ಆ ಗಂಗಾವತಿಯ ಮಿಸ್ತ್ರಿಯ ಮೇಲೂ ನನಗೆ ಹೊಟ್ಟೆ ಉರಿಯಿತು. ಷಡ್ಡಕ ಹೊಗಳಿದ್ದು ಅವನನ್ನು, ಮಾವ ನೆನೆದದ್ದು ಅವನನ್ನು, ಇನ್ನು ಮುಂದೆ ಕರೆಯಬೇಕಾದದ್ದು ಅವನನ್ನು. ಇಲ್ಲದ ಒಬ್ಬ ಮನುಷ್ಯ ನನ್ನ ಕೆಲಸವನ್ನು ತೆಗೆದುಕೊಂಡು ಹೋಗಿದ್ದ.

ಮಾವ ಈಗಲೂ ಗಟ್ಟಿಯಾಗಿದ್ದಾರೆ, ಕೇಳಿದರೆ ಹೇಳಲೂಬಹುದು. ನಾನು ಕೇಳಿಲ್ಲ. ಅಳಿಯನಿಂದ ಕೆಲಸ ಮಾಡಿಸಿಕೊಂಡೆ ಎನ್ನಲಾಗದೆ ಆ ಸುಳ್ಳು ಹೇಳಿದರೋ, ತಮ್ಮ ಅಕ್ಕನ ಮಗನಿಗೆ ನೋವಾಗದಿರಲಿ ಎಂದು ಹೇಳಿದರೋ ನನಗೆ ಗೊತ್ತಿಲ್ಲ. "ನೀವು ಅಂದಿದ್ರಿ ಅಣ್ಣಾರ" ಎಂದಾಗ ನನ್ನ ಷಡ್ಡಕನಿಗೆ ನಿಜ ಗೊತ್ತಿತ್ತೋ ಇಲ್ಲವೋ, ಅದೂ ಗೊತ್ತಿಲ್ಲ.